ಸ್ಯಾಕ್ಸ್‌ಟನ್ ಪೋಪ್
ಸ್ಯಾಕ್ಸ್‌ಟನ್ ಟೆಂಪಲ್ ಪೋಪ್ (1875–1926) ಅಮೆರಿಕದ ಶಸ್ತ್ರವೈದ್ಯರು, ಬಿಲ್ಲು ಬೇಟೆಗಾರರು ಹಾಗೂ ಲೇಖಕರು. ಟೆಕ್ಸಾಸ್‌ನಲ್ಲಿ ಜನಿಸಿದ ಇವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯರಾಗಿದ್ದರು. ಯಾಹಿ ಬುಡಕಟ್ಟಿನ ಕೊನೆಯ ವ್ಯಕ್ತಿಯೆಂದು ಹೆಸರಾದ ಇಶಿ 1911ರಲ್ಲಿ ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಬಂದರು. ಅವರಿಗೆ ಚಿಕಿತ್ಸೆ ನೀಡುತ್ತಲೇ ಪೋಪ್ ಅವರಿಂದ ಬಿಲ್ಲುವಿದ್ಯೆ ಕಲಿತರು. 1916ರಲ್ಲಿ ಇಶಿ ಕ್ಷಯರೋಗದಿಂದ ನಿಧನರಾದರು. ಕಲಿತ ವಿದ್ಯೆಯನ್ನು ಪೋಪ್ ಬಿಡಲಿಲ್ಲ.

ಬಾಣದ ತುದಿಯ ಅಗಲವಾದ ಉಕ್ಕಿನ ಅಲಗು ಗಾಳಿಗೆ ಸಿಕ್ಕಿ ಬಾಣವನ್ನು ದಾರಿ ತಪ್ಪಿಸುತ್ತದೆ. ಗುರಿ ತಪ್ಪಿದರೆ ಪ್ರಾಣಿ ಗಾಯಗೊಂಡು ನರಳುತ್ತದೆ. ಆದ್ದರಿಂದ ಪೋಪ್ ಬಾಣದ ಕಡ್ಡಿಯನ್ನು ಬಿಸಿ ಮಾಡಿ ನೆಟ್ಟಗಾಗಿಸಿ, ಹಿಂತುದಿಗೆ ಟರ್ಕಿ ಕೋಳಿಯ ದೊಡ್ಡ ಗರಿಗಳನ್ನು ಜೋಡಿಸುತ್ತಿದ್ದರು. ಈ ಅನುಭವವನ್ನು 1923ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಇವರ ಹಾಗೂ ಒಡನಾಡಿ ಆರ್ಥರ್ ಯಂಗ್ ಅವರ ಹೆಸರಿನಲ್ಲಿ 1961ರಲ್ಲಿ ಬಿಲ್ಲು ಬೇಟೆಗಾರರ ಸಂಘವೊಂದು ಸ್ಥಾಪನೆಯಾಯಿತು.