ಲೆಕ್ಕ ಕೇಳುವವರ ಖರ್ಚು ಯಾರು ಕೊಡಬೇಕು?

ಹೋದ ತಿಂಗಳು ಹನುಮಂತನಗರದ 50 ಅಡಿ ರಸ್ತೆಯ ಹತ್ತಿರ ಒಂದು ದರ್ಶಿನಿಯಲ್ಲಿ ಐದಾರು ಜನ ಹುಡುಗ ಹುಡುಗಿಯರ ಜೊತೆ ಕಾಫಿ ಕುಡೀತಾ ನಿಂತಿದ್ದೆ. ಎಲ್ಲರೂ ಕಾಲೇಜು ಮುಗಿಸಿ ಒಂದೆರಡು ವರ್ಷ ಆದವರು. ಅವರದೊಂದು ಪ್ಲಾನ್ ಇದೆ. ಮೂರು ವರ್ಷಗಳಲ್ಲಿ ತಮ್ಮ ವಾರ್ಡ್‌ನ ರಸ್ತೆ, ಚರಂಡಿ, ಬೀದಿದೀಪಕ್ಕೆ ಅಂತ ಬರೆದಿರುವ ಖರ್ಚನ್ನು ಒಂದೊಂದಾಗಿ ತೆಗೆದು, ಸ್ಥಳಕ್ಕೆ ಹೋಗಿ, ಟೇಪು ಹಿಡಿದು ಅಳೆಯುವುದು. ಆರ್‌ಟಿಐ ಅರ್ಜಿ ಹಾಕಿ ಎಸ್ಟಿಮೇಟ್, ಅಳತೆ ಬರೆದಿಡುವ ಎಂ.ಬಿ. ಪುಸ್ತಕದ ನಕಲು, ಬಿಲ್ಲು ಮೂರನ್ನೂ ತರಿಸಿ ಪಕ್ಕಪಕ್ಕ ಇಟ್ಟು ನೋಡುವುದು. ಅಂದರೆ ಸ್ವತಂತ್ರ ಆಡಿಟ್.

ದುಡ್ಡಿನ ಮಾತು ಬರುವ ತನಕ ಎಲ್ಲ ಚೆನ್ನಾಗಿತ್ತು. ನಕಲು ಪ್ರತಿಗಳಿಗೆ, ಓಡಾಟಕ್ಕೆ, ಅಳತೆ ಪರಿಶೀಲಿಸಿ ಕೊಡುವ ಒಬ್ಬ ಇಂಜಿನಿಯರ್‌ಗೆ ಖರ್ಚಿದೆ. ಮುಂದೆ ಪಾಲಿಕೆ ಚುನಾವಣೆಗೆ ನಿಲ್ಲಬೇಕು ಅಂತಿರುವ ಒಬ್ಬರು ಅಷ್ಟನ್ನೂ ಕೊಡಲು ತಯಾರಿದ್ದಾರಂತೆ. ತಗೊಳ್ಳೋದಾ, ಬೇಡವಾ ಅಂತ ನನ್ನನ್ನು ಕೇಳಿದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆದರೆ ಇದೇ ಪ್ರಶ್ನೆಯ ಜೊತೆ ಬದುಕು ಸವೆಸಿದ ಒಬ್ಬರು ಕಟ್ಟಿದ ಸಂಸ್ಥೆ ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಬುಲ್ ಟೆಂಪಲ್ ರಸ್ತೆಯಲ್ಲೇ ಇದೆ. ಅದು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಕಟ್ಟಿದವರು ಡಿವಿಜಿ.

ನಮ್ಮ ತಲೆಮಾರಿಗೆ ಡಿವಿಜಿ ಅಂದರೆ ವಾಟ್ಸ್ಆ್ಯಪ್‌ನಲ್ಲಿ ಬೆಳಿಗ್ಗೆ ಬೆಳಿಗ್ಗೆ ಬರುವ ಕಗ್ಗದ ಪದ್ಯ. ನನಗೂ ಅಷ್ಟೇ ಆಗಿತ್ತು. ಆದರೆ 1943ರಲ್ಲಿ 'ಮಂಕುತಿಮ್ಮನ ಕಗ್ಗ' ಬರುವ ಹೊತ್ತಿಗೆ ಈ ಮನುಷ್ಯ ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರವನ್ನು ಗಮನಿಸುವ ಕೆಲಸ ಮಾಡಿದ್ದರು.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಹುಟ್ಟಿದ್ದು 1887ರ ಮಾರ್ಚ್ 17ರಂದು, ಮುಳಬಾಗಿಲಿನಲ್ಲಿ. ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಸೋಡಾ ಕಾರ್ಖಾನೆಯ ಕೆಲಸಕ್ಕೆ ಸೇರಿದರು, ಅದು ನಿಲ್ಲಲಿಲ್ಲ. ಬೆಂಗಳೂರಿಗೆ ಬಂದು ಪತ್ರಿಕೆಗಳ ಬಾಗಿಲು ತಟ್ಟಿದರು. ಡಿಗ್ರಿ ಇಲ್ಲದೆ, ಇಂಗ್ಲಿಷ್, ಸಂಸ್ಕೃತ, ಕಾನೂನು, ರಾಜ್ಯಶಾಸ್ತ್ರವನ್ನೆಲ್ಲ ತಾವೇ ಓದಿಕೊಂಡರು. 1907ರಲ್ಲಿ, ಇಪ್ಪತ್ತನೇ ವಯಸ್ಸಿಗೆ, 'ಭಾರತಿ' ಎಂಬ ಪತ್ರಿಕೆ ಶುರು ಮಾಡಿದರು. ಮರುವರ್ಷವೇ ಮೈಸೂರು ಸರ್ಕಾರ ಪತ್ರಿಕೆಗಳಿಗೆ ಮೂಗುದಾರ ಹಾಕುವ ಕಾನೂನು ತಂದಿತು. 'ಭಾರತಿ' ಹೆಚ್ಚು ಕಾಲ ಬದುಕಲಿಲ್ಲ. ಆಳುವವರನ್ನು ಪ್ರಶ್ನೆ ಮಾಡುವ ಕೆಲಸ ಎಷ್ಟು ಸುಲಭವಾಗಿ ನಿಂತುಹೋಗಬಹುದು ಅನ್ನುವುದು ಅವರಿಗೆ ಅಷ್ಟು ಬೇಗ ಗೊತ್ತಾಯಿತು.

1913ರಲ್ಲಿ ಅವರು 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ಹೊರಡಿಸಿದರು. ಆಗ ದಿವಾನರು ಸರ್ ಎಂ. ವಿಶ್ವೇಶ್ವರಯ್ಯ. ಇಬ್ಬರಿಗೂ ಒಳ್ಳೆಯ ಸ್ನೇಹ. ಸ್ನೇಹ ಇದ್ದರೂ ಡಿವಿಜಿ ದುಡ್ಡಿನ ವಿಷಯದಲ್ಲಿ ದೂರ ಇಟ್ಟುಕೊಂಡೇ ಇದ್ದರು. ದಸರಾ ಹೊತ್ತಿನ ವರದಿಗೆ ಮೈಸೂರಿಗೆ ಹೋಗುವ ಪತ್ರಕರ್ತರಿಗೆ ಸರ್ಕಾರದ ಭತ್ಯೆ ಸಿಗುತ್ತಿತ್ತು, ಡಿವಿಜಿ ಅದನ್ನು ತೆಗೆದುಕೊಳ್ಳಲಿಲ್ಲ ಎಂಬ ಪ್ರಸಂಗ ಅವರ ಬಗ್ಗೆ ಬರೆದವರು ಮತ್ತೆ ಮತ್ತೆ ಹೇಳುವಂಥದ್ದು. ಸರ್ಕಾರದ ಕೆಲಸಕ್ಕೆ ಬಂದ ಚೆಕ್ಕುಗಳನ್ನು ನಗದು ಮಾಡಿಸದೆ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ತೀರಿಕೊಂಡ ಮೇಲೆ ಅವು ಸಿಕ್ಕವು ಅಂತಲೂ ಅವರ ಬಳಗದವರು ಹೇಳುತ್ತಾ ಬಂದಿದ್ದಾರೆ.

ಅವರು ಆದರ್ಶ ಅಂತ ಇಟ್ಟುಕೊಂಡದ್ದು ಗೋಪಾಲಕೃಷ್ಣ ಗೋಖಲೆಯನ್ನು. ಗೋಖಲೆಯ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದರು ಕೂಡ. ನಮ್ಮ ಪಠ್ಯಪುಸ್ತಕದಲ್ಲಿ ಗೋಖಲೆ ಅಂದರೆ ಗಾಂಧಿಯ ಗುರು, ಮಂದಗಾಮಿ, ಅಲ್ಲಿಗೆ ಮುಗೀತು. ಅಸಲಿಗೆ ಅವರು ಲೆಕ್ಕದ ಮೇಷ್ಟ್ರು. 1897ರಲ್ಲಿ, 30ರ ಹರೆಯದಲ್ಲಿ, ಭಾರತದ ಖರ್ಚಿನ ವಿಚಾರಣೆಗೆ ನೇಮಕವಾಗಿದ್ದ ವೆಲ್ಬಿ ಆಯೋಗದ ಮುಂದೆ ಲಂಡನ್‌ಗೆ ಹೋಗಿ ಸಾಕ್ಷ್ಯ ಹೇಳಿದರು. ಅವರ ಬೇಡಿಕೆಗಳಲ್ಲಿ ಒಂದು, ಸರ್ಕಾರದ ಲೆಕ್ಕ ನೋಡುವವರು ಅದೇ ಸರ್ಕಾರದ ಕೈಕೆಳಗೆ ಇರಬಾರದು, ಇಂಗ್ಲೆಂಡಿನಲ್ಲಿರುವ ಹಾಗೆ ಸ್ವತಂತ್ರ ಆಡಿಟ್ ಬೇಕು ಅನ್ನುವುದು. 1902ರಲ್ಲಿ ವೈಸ್‌ರಾಯ್ ಸಭೆಯಲ್ಲಿ ಅವರು ಮಾಡಿದ ಮೊದಲ ಬಜೆಟ್ ಭಾಷಣವೂ ಇದೇ ದಾರಿಯದು. ಸರ್ಕಾರ ಹೆಮ್ಮೆಯಿಂದ ತೋರಿಸುತ್ತಿದ್ದ ಉಳಿತಾಯ ಬಜೆಟ್ಟು ದೇಶದ ಸಮೃದ್ಧಿಯಲ್ಲ, ಬರಗಾಲದಲ್ಲಿದ್ದ ಜನರ ಮೇಲೆ ಹೇರಿದ ಹೆಚ್ಚುವರಿ ತೆರಿಗೆ ಅಂತ ಅವರದೇ ಅಂಕಿಗಳಿಂದ ತೋರಿಸಿದರು. ಆಗ ಉಪ್ಪಿನ ಸುಂಕ ಮಣಕ್ಕೆ ಎರಡೂವರೆ ರೂಪಾಯಿ. 1903ರಲ್ಲಿ ಅದು 2 ರೂಪಾಯಿಗೆ, 1907ರ ಹೊತ್ತಿಗೆ 1 ರೂಪಾಯಿಗೆ ಇಳಿಯಿತು. ಒಬ್ಬರ ಭಾಷಣದಿಂದಲೇ ಇಳಿಯಿತು ಅನ್ನಲಾಗದು. ಆದರೆ ಆ ಸಭೆಯಲ್ಲಿ ಬಜೆಟ್ಟಿಗೆ ವೋಟು ಹಾಕುವ ಅಧಿಕಾರವೂ ಇಲ್ಲದವರು ಬರೀ ಅಂಕಿ ಹಿಡಿದು ಎಷ್ಟು ದೂರ ಹೋಗಬಹುದು ಅನ್ನುವುದನ್ನು ಡಿವಿಜಿ ಅಲ್ಲಿ ಕಂಡುಕೊಂಡರು.

ಮೈಸೂರಿನಲ್ಲೂ ಅಂಥದ್ದೊಂದು ಬೀಜ ಇತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದು ರಾಜ್ಯದ ಆದಾಯ, ಖರ್ಚುಗಳನ್ನು ಪ್ರತಿನಿಧಿಗಳ ಮುಂದಿಟ್ಟರು. ಅವರು ಕೇಳಬಹುದಿತ್ತು, ಮಾತಾಡಬಹುದಿತ್ತು, ಅಷ್ಟೇ. ಆ ರಂಗಾಚಾರ್ಲು ಬಗ್ಗೆಯೂ ಡಿವಿಜಿ ಪುಸ್ತಕ ಬರೆದರು. 1926ರಿಂದ 1940ರವರೆಗೆ ಮೈಸೂರು ನ್ಯಾಯವಿಧಾಯಕ ಸಭೆಯ ಸದಸ್ಯರಾಗಿ ತಾವೇ ಒಳಗೆ ಕೂತರು.

ಒಳಗೆ ಕೂತು ನೋಡಿದ ಮೇಲೆ ಅವರು ಮಾಡಿದ ಕೆಲಸವೇ ನನಗೆ ಮುಖ್ಯ ಅನ್ನಿಸುವುದು. 1945ರಲ್ಲಿ, 58ನೇ ವಯಸ್ಸಿನಲ್ಲಿ, ಗೋಖಲೆಯ ಹೆಸರಲ್ಲಿ ಸಂಸ್ಥೆ ಕಟ್ಟಿದರು. ಅಲ್ಲಿ ಗ್ರಂಥಾಲಯ, ಅಧ್ಯಯನ ಗೋಷ್ಠಿ, ಸಾರ್ವಜನಿಕ ವಿಚಾರಗಳಿಗೆ ಮೀಸಲಾದ ಒಂದು ಇಂಗ್ಲಿಷ್ ಪತ್ರಿಕೆ. ಸ್ವಾತಂತ್ರ್ಯ ಹತ್ತಿರ ಬರುತ್ತಿತ್ತು. ವೋಟು ಬಂದ ಮೇಲೆ ಬಜೆಟ್ ಓದಲು ಬರುವ ಪ್ರಜೆಗಳು ಬೇಕಾಗುತ್ತಾರೆ ಅನ್ನುವುದು ಅವರ ಲೆಕ್ಕಾಚಾರ. 1970ರಲ್ಲಿ ನಾಡು ಅವರನ್ನು ಸನ್ಮಾನಿಸಿ ಕೊಟ್ಟ ನಿಧಿಯನ್ನೂ ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಅವರ ಬಳಗದ ನಿಟ್ಟೂರು ಶ್ರೀನಿವಾಸರಾಯರು 1964ರಲ್ಲಿ ದೇಶದ ಮೊದಲ ಕೇಂದ್ರ ಜಾಗೃತ ಆಯುಕ್ತರಾದರು. ಡಿವಿಜಿ 1975ರ ಅಕ್ಟೋಬರ್ 7ರಂದು ತೀರಿಕೊಂಡರು.

ಇಲ್ಲಿಗೆ ನಿಲ್ಲಿಸಿದರೆ ಇದು ಇನ್ನೊಂದು ಆರತಿ ಆಗುತ್ತದೆ. ಎರಡು ತಕರಾರು ಹೇಳಲೇಬೇಕು.

ಮೊದಲನೆಯದು, ಅವರ ಸ್ವಾತಂತ್ರ್ಯಕ್ಕೆ ಬೆಲೆ ಕೊಟ್ಟವರು ಅವರೊಬ್ಬರೇ ಅಲ್ಲ. ಉಡಲು ಒಳ್ಳೆಯ ಸೀರೆ ಇಲ್ಲ ಅಂತ ಅವರ ಪತ್ನಿ ಭಾಗೀರಥಮ್ಮ ಬಂಧುಗಳ ಮನೆಯ ಶುಭಕಾರ್ಯಕ್ಕೆ ಹೋಗದೆ ಉಳಿದರು ಎಂಬ ಕಥೆಯನ್ನು ನಾವು ಡಿವಿಜಿಯ ದೊಡ್ಡತನಕ್ಕೆ ಉದಾಹರಣೆ ಅಂತ ಹೇಳುತ್ತೇವೆ. ಆಕೆಯ ಕಡೆಯಿಂದ ನೋಡಿದರೆ ಅದು ಬೇರೆಯೇ ಕಥೆ. ಒಬ್ಬರ ತ್ಯಾಗದ ಮೇಲೆ, ಅದರಲ್ಲೂ ಮನೆಯ ಹೆಂಗಸರ ತ್ಯಾಗದ ಮೇಲೆ ಆಡಿಟ್ ನಿಂತರೆ, ಆ ಒಬ್ಬರ ಜೊತೆಗೇ ಅದು ಮುಗಿಯುತ್ತದೆ.

ಎರಡನೆಯದು, ಅವರ ರಾಜಕೀಯ ಓದಿದವರ ರಾಜಕೀಯ. ಮಹಾರಾಜರನ್ನು ಇಟ್ಟುಕೊಂಡೇ ಜವಾಬ್ದಾರಿ ಸರ್ಕಾರ ಬರಲಿ ಅಂದವರು, ಬೀದಿಗಿಳಿದವರಲ್ಲ. ಲೆಕ್ಕ ಕೇಳಲು ಮೊದಲು ಓದಬೇಕು ಅನ್ನುವ ಅವರ ನಂಬಿಕೆಯನ್ನು ಅರ್ಧ ಸುಳ್ಳು ಮಾಡಿದ್ದು 1994ರ ರಾಜಸ್ಥಾನ. ಅಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಊರ ಮಧ್ಯೆ ಜನಸುನವಾಯಿ ಕರೆದು, ಹಾಜರಿ ಪಟ್ಟಿಗಳನ್ನು ಜೋರಾಗಿ ಓದಿಸಿತು. ಅಕ್ಷರ ಬಾರದ ಕೂಲಿಗಳೇ ಎದ್ದು, ಆ ದಿನ ಆ ಕೆಲಸಕ್ಕೆ ತಾವು ಹೋಗೇ ಇಲ್ಲ ಅಂದರು. ಅದೇ ದಾರಿ ಮುಂದೆ ಸಾಮಾಜಿಕ ಲೆಕ್ಕಪರಿಶೋಧನೆಯಾಗಿ 2005ರ ಉದ್ಯೋಗ ಖಾತ್ರಿ ಕಾಯ್ದೆಯ ಒಳಗೆ ಬಂತು. ನಮ್ಮ ಬೆಂಗಳೂರಲ್ಲೂ 1993ರಲ್ಲಿ ಸ್ಯಾಮ್ಯುಯೆಲ್ ಪಾಲ್ ಇಂಥದ್ದೇ ಮಾಡಿದ್ದರು. ನೀರು, ಕರೆಂಟು, ಪಾಲಿಕೆ ಸೇವೆಗಳಿಗೆ ಜನರಿಂದಲೇ ಅಂಕ ಹಾಕಿಸಿ ರಿಪೋರ್ಟ್ ಕಾರ್ಡ್ ತಯಾರಿಸಿದರು.

ಇದೆಲ್ಲ ಈಗ ಯಾಕೆ ಅಂದರೆ, ಈ ಊರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಷ್ಟೂ ಕಾಲ ಬಜೆಟ್ ಮಾಡಿದವರೂ ಖರ್ಚು ಮಾಡಿದವರೂ ಅಧಿಕಾರಿಗಳೇ. ಸಿಎಜಿ ಇದ್ದಾರೆ, ನಿಜ. ಆದರೆ ಅವರ ವರದಿ ಬರುವ ಹೊತ್ತಿಗೆ ರಸ್ತೆಯನ್ನು ಇನ್ನೊಮ್ಮೆ ಅಗೆದಿರುತ್ತಾರೆ. ಬೀದಿಯವರೇ ಬೀದಿಯ ಲೆಕ್ಕ ನೋಡುವುದಕ್ಕೆ ಜಾಗ ಇದೆ.

ಆ ಹುಡುಗರಿಗೆ ನಾನು ಮೊನ್ನೆ ಹೇಳಿದ್ದು ಇಷ್ಟು. ಅಭ್ಯರ್ಥಿಯ ದುಡ್ಡು ಬೇಡ. ನಾಳೆ ಅವರು ಗೆದ್ದರೆ ನಿಮ್ಮ ಮುಂದಿನ ವರದಿ ಅವರ ಮೇಲೆಯೇ ಬರೆಯಬೇಕು. ಹಾಗಂತ ನೀವು ಡಿವಿಜಿ ಆಗಬೇಕಿಲ್ಲ, ನಿಮ್ಮ ಅಪ್ಪ ಅಮ್ಮನ ಜೇಬಿಗೆ ಕೈ ಹಾಕಬೇಕಿಲ್ಲ. ಮನೆಗೆ 100 ರೂಪಾಯಿಯಂತೆ ಬೀದಿಯಿಂದಲೇ ಎತ್ತಿ, ರಸೀದಿ ಕೊಡಿ. ಅಳತೆ ಮಾಡಿಕೊಡುವ ಇಂಜಿನಿಯರ್‌ಗೆ ಫೀಸು ಕೊಡಿ, ಬಿಟ್ಟಿ ಮಾಡಿಸಬೇಡಿ. ಸಿಕ್ಕ ಲೆಕ್ಕವನ್ನು ಪಿಡಿಎಫ್ ಮಾಡಿ ಹಂಚಿ ಕೈ ತೊಳೆದುಕೊಳ್ಳದೆ, ರಾಮಾಂಜನೇಯ ಗುಡ್ಡದ ಹತ್ತಿರ ಒಂದು ಭಾನುವಾರ ಜನ ಸೇರಿಸಿ ಗಟ್ಟಿಯಾಗಿ ಓದಿ. ತರಕಾರಿ ಮಾರುವವರೂ ಪೌರಕಾರ್ಮಿಕರೂ ಅಲ್ಲಿರಲಿ. ಯಾವ ಚರಂಡಿ ಯಾವಾಗ ಕಟ್ಟಿದರು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಅವರಲ್ಲಿ ಒಬ್ಬಳು ನೋಟ್‌ಬುಕ್‌ನಲ್ಲಿ ಒಂದು ಸಾಲು ಸೇರಿಸಿಕೊಂಡಳು. ವರದಿಯ ಮೊದಲ ಪುಟದಲ್ಲಿ ಬರುವುದು ಪಾಲಿಕೆಯ ಲೆಕ್ಕ ಅಲ್ಲವಂತೆ, ಅವರದೇ ಲೆಕ್ಕವಂತೆ: ಎಷ್ಟು ಬಂತು, ಯಾರು ಕೊಟ್ಟರು, ಎಲ್ಲಿ ಖರ್ಚಾಯಿತು. ನನ್ನ 100 ರೂಪಾಯಿಗೆ ರಸೀದಿ ಸಿಕ್ಕಿದೆ.