ಮೊದಲು ಗಿರಾಕಿ, ಆಮೇಲೆ ಕರೆಂಟು: ಸರ್ ಕೆ. ಶೇಷಾದ್ರಿ ಅಯ್ಯರ್

ಬೆಂಗಳೂರಿನ ಶೇಷಾದ್ರಿಪುರಂ ಹೆಸರು ಕೇಳದೇ ಇರೋರು ನಮ್ಮಲ್ಲಿ ಯಾರೂ ಇಲ್ಲ. ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿ ಮುಂದೆ ಫೋಟೋ ತೆಗೆಸ್ಕೊಂಡವರೂ ಬೇಕಾದಷ್ಟು ಜನ ಇದ್ದೀವಿ. ಆ ಕಟ್ಟಡ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಮುಂದೆ ನಿಂತಿರೋ ಪ್ರತಿಮೆ ಅವರದ್ದೇ. ಸೆಪ್ಟೆಂಬರ್ 15ಕ್ಕೆ ಎಂಜಿನಿಯರ್ಸ್ ಡೇ ಅಂತ ನಾವು ವಿಶ್ವೇಶ್ವರಯ್ಯನವರಿಗೆ ಹಾರ ಹಾಕ್ತೀವಿ. ಅದು ಸರಿಯೇ. ಆದರೆ ಅದಕ್ಕೆ ಎರಡು ದಿನ ಮೊದಲು, ಸೆಪ್ಟೆಂಬರ್ 13, ಇನ್ನೊಬ್ಬ ದಿವಾನರು ತೀರಿಕೊಂಡ ದಿನ. ಅವರು ಎಂಜಿನಿಯರ್ ಅಲ್ಲ, ಕಾನೂನು ಓದಿದವರು. ಆದರೂ ನಮ್ಮ ಪವರ್ ಸಿಸ್ಟಮ್ಸ್ ಪುಸ್ತಕದಲ್ಲಿ ಲೋಡ್ ಫ್ಯಾಕ್ಟರ್ ಅಂತ ಬರೋ ಪಾಠವನ್ನ 120 ವರ್ಷಕ್ಕೂ ಹಿಂದೆ ಕಾವೇರಿ ದಡದಲ್ಲಿ ಮಾಡಿ ತೋರಿಸಿದವರು.

ಪಾಲಕ್ಕಾಡಿನಿಂದ ಮೈಸೂರಿಗೆ

ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರ ಜೂನ್ 1ರಂದು, ಪಾಲಕ್ಕಾಡಿನ ಹತ್ತಿರದ ಕುಮಾರಪುರದಲ್ಲಿ. ಓದಿದ್ದು ಕಲ್ಲಿಕೋಟೆಯಲ್ಲಿ, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. 1868ರಲ್ಲಿ ಬಿ.ಎ. ಮುಗಿಸಿದರು. ಅದೇ ವರ್ಷ ಮೈಸೂರಿಗೆ ಬಂದು ಅಷ್ಟಗ್ರಾಮ ವಿಭಾಗದಲ್ಲಿ ನ್ಯಾಯಾಂಗದ ಶಿರಸ್ತೇದಾರರಾದರು. ಅಷ್ಟಗ್ರಾಮ ಅಂದ್ರೆ ಆಗಿನ ಲೆಕ್ಕದಲ್ಲಿ ಮೈಸೂರು, ಹಾಸನದ ಸೀಮೆ. ನಂಜನಗೂಡು, ನರಸೀಪುರ ಎಲ್ಲ ಅದರೊಳಗೇ. ಅಂದರೆ ಮುಂದೆ ಯಾವ ನೀರಿನಿಂದ ಕರೆಂಟು ತೆಗೆಸಿದರೋ ಆ ನೀರು ಹರಿಯೋ ಕಡೆಯೇ ಅವರ ಮೊದಲ ಕೆಲಸ. ಕೆಲಸ ಮಾಡ್ತಾನೇ 1874ರಲ್ಲಿ ಕಾನೂನು ಪದವಿಯನ್ನೂ ಮುಗಿಸಿದರು.

1881ರಲ್ಲಿ ಬ್ರಿಟಿಷರು ಸಂಸ್ಥಾನವನ್ನ ಒಡೆಯರಿಗೆ ವಾಪಸ್ ಕೊಟ್ಟರು. ಮೊದಲ ದಿವಾನ ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡಾಗ ಹತ್ತನೇ ಚಾಮರಾಜ ಒಡೆಯರಿಗೆ ಇನ್ನೂ 20ರ ಆಸುಪಾಸಿನ ವಯಸ್ಸು. ಅವರು ಆರಿಸಿದ್ದು 37 ವರ್ಷದ ಶೇಷಾದ್ರಿ ಅಯ್ಯರ್ ಅವರನ್ನ. ಅಲ್ಲಿಂದ 1901ರವರೆಗೆ, 18 ವರ್ಷ, ಅವರೇ ದಿವಾನರು. 1881ರ ನಂತರ ಮೈಸೂರಿನಲ್ಲಿ ಬೇರೆ ಯಾವ ದಿವಾನರೂ ಅಷ್ಟು ಕಾಲ ಆ ಕುರ್ಚಿಯಲ್ಲಿ ಕೂತಿಲ್ಲ.

ಸಾಲದ ಸಂಸ್ಥಾನ

ಕೈಗೆ ಸಿಕ್ಕಿದ್ದು ಸೋತು ಸುಣ್ಣವಾಗಿದ್ದ ಸಂಸ್ಥಾನ. 1876-78ರ ಬರದಲ್ಲಿ ಮೈಸೂರಿನಲ್ಲಿ ಸುಮಾರು 10 ಲಕ್ಷ ಜನ ಸತ್ತಿದ್ದರು. ಬ್ರಿಟಿಷ್ ಸರ್ಕಾರಕ್ಕೆ ಕೊಡಬೇಕಾದ ಸಾಲವೇ ಸುಮಾರು 80 ಲಕ್ಷ ರೂಪಾಯಿ. ಇಂಥ ಹೊತ್ತಲ್ಲಿ ಅವರು ದುಡ್ಡು ಹಾಕಿದ್ದು ರೈಲು ಮತ್ತು ನೀರಿಗೆ. ಬರದಲ್ಲಿ ಧಾನ್ಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕು ಅಂದ್ರೆ ರೈಲು ಬೇಕು, ಬರವೇ ಬರಬಾರದು ಅಂದ್ರೆ ಕೆರೆ ಕಟ್ಟೆ ಬೇಕು. ಮೈಸೂರಿಂದ ನಂಜನಗೂಡಿಗೆ ರೈಲು ಬಂದಿದ್ದು ಅವರ ಕಾಲದಲ್ಲೇ, 1891ರಲ್ಲಿ. ಮುಂದೆ ಆ ಲೈನು ಕಪಿಲೆ ದಾಟಿದ್ದು ದಳವಾಯಿಗಳು ಕಟ್ಟಿಸಿದ ಹಳೇ ಕಲ್ಲಿನ ಸೇತುವೆ ಮೇಲೆ. ಇವತ್ತಿಗೂ ಅದು ಅಲ್ಲೇ ನಿಂತಿದೆ. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು, ಬೆಂಗಳೂರಿಗೆ ಹೆಸರಘಟ್ಟದ ನೀರು, 1898ರ ಪ್ಲೇಗ್ ಹೊತ್ತಿಗೆ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರ, ವಿಕ್ಟೋರಿಯಾ ಆಸ್ಪತ್ರೆ, ಭೂವಿಜ್ಞಾನ ಇಲಾಖೆ. ಪಟ್ಟಿ ಉದ್ದ ಇದೆ. ನಾವು ಒಂದನ್ನ ಮಾತ್ರ ಹಿಡ್ಕೊಳ್ತೀವಿ: ಶಿವನಸಮುದ್ರ.

ಎರಡು ಹೊಳೆ, ಒಂದು ಲೆಕ್ಕ

ನಂಜನಗೂಡಿನ ಸ್ನಾನಘಟ್ಟ ದಾಟಿದ ಕಪಿಲೆ ಟಿ. ನರಸೀಪುರದಲ್ಲಿ ಕಾವೇರಿ ಸೇರುತ್ತಾಳೆ. ಎರಡೂ ಹೊಳೆಯ ನೀರು ಒಂದಾಗಿ ತಲಕಾಡು ದಾಟಿ ಶಿವನಸಮುದ್ರಕ್ಕೆ ಹೋಗಿ ಬೀಳುತ್ತೆ. ಆಗ ಕನ್ನಂಬಾಡಿ ಕಟ್ಟೆ ಇರಲಿಲ್ಲ, ಕಬಿನಿ ಡ್ಯಾಮೂ ಇರಲಿಲ್ಲ. ಸಂಗಮದಲ್ಲಿ ಎಷ್ಟು ನೀರು ಹರಿಯುತ್ತೋ ಅಷ್ಟೇ ಸಿಗೋದು.

ಇನ್ನೊಂದು ತೊಡಕು ಇತ್ತು. 1892ರಲ್ಲಿ ಮೈಸೂರು ಮತ್ತು ಮದ್ರಾಸ್ ಸರ್ಕಾರಗಳ ನಡುವೆ ಒಪ್ಪಂದ ಆಗಿ, ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಕಾವೇರಿ ಕಡೆ ಹೊಸ ನೀರಾವರಿ ಜಲಾಶಯ ಕಟ್ಟೋ ಹಾಗಿರಲಿಲ್ಲ. ಆದರೆ ಟರ್ಬೈನ್ ನೀರನ್ನ ಕುಡಿಯಲ್ಲ, ನೀರು ಬೀಳೋ ಶಕ್ತಿ ಮಾತ್ರ ತಗೊಳ್ಳುತ್ತೆ. ಮೇಲಿಂದ ಕಾಲುವೆಯಲ್ಲಿ ತಿರುಗಿಸಿದ ನೀರು ಕೆಳಗೆ ಮತ್ತೆ ಅದೇ ಹೊಳೆಗೆ. ತಂಜಾವೂರಿನ ಗದ್ದೆಗೆ ಒಂದು ಹನಿಯೂ ಕಮ್ಮಿ ಆಗಲ್ಲ.

ಲೆಕ್ಕ ನಾವೇ ಹಾಕಬಹುದು. ಸುಮಾರು 120 ಮೀಟರ್ ಎತ್ತರದಿಂದ ನೀರು ಬೀಳುತ್ತೆ, ಎಫಿಶಿಯೆನ್ಸಿ 75 ಪರ್ಸೆಂಟ್ ಅಂತ ಇಟ್ಕೊಳ್ಳಿ. ಆಗ ಸೆಕೆಂಡಿಗೆ ಸುಮಾರು 5 ಘನ ಮೀಟರ್ ನೀರು ಹರಿದ್ರೆ 4.3 ಮೆಗಾವ್ಯಾಟ್ ಬರುತ್ತೆ. ಮೊದಲ ಹಂತದಲ್ಲಿ ಹಾಕಿದ್ದೂ ಅಷ್ಟೇ, ತಲಾ 720 ಕಿಲೋವ್ಯಾಟಿನ 6 ಜನರೇಟರ್. ಮಳೆಗಾಲದ ಕಾವೇರಿಗೆ ಈ 5 ಘನ ಮೀಟರ್ ಏನೇನೂ ಅಲ್ಲ. ಕಷ್ಟ ಇರೋದು ನೀರಲ್ಲಿ ಅಲ್ಲ, ಕೊಳ್ಳೋರು ಯಾರು ಅನ್ನೋದರಲ್ಲಿ.

ರಾತ್ರಿ ನೀರಿಗೂ ಗಿರಾಕಿ

ಇದು 1890ರ ದಶಕ. ಭಾರತದಲ್ಲಿ ಜಲವಿದ್ಯುತ್ ಅಂದ್ರೆ 1897ರಲ್ಲಿ ಡಾರ್ಜಿಲಿಂಗ್ ಹತ್ತಿರ ಸಿದ್ರಾಪೊಂಗ್‌ನಲ್ಲಿ ಶುರುವಾದ 130 ಕಿಲೋವ್ಯಾಟಿನ ಪುಟ್ಟ ಸ್ಥಾವರ, ಊರಿನ ದೀಪಕ್ಕೆ. ಮೈಸೂರೂ ಹಾಗೇ ಮಾಡಬಹುದಿತ್ತು: ಅರಮನೆಗೆ, ಪೇಟೆ ಬೀದಿಗೆ ದೀಪ ಹಾಕಿ ಹೆಸರು ತಗೊಳ್ಳೋದು. ಆದರೆ ದೀಪ ಉರಿಯೋದು ಸಂಜೆ ನಾಲ್ಕೈದು ಗಂಟೆ. ಉಳಿದ ಹೊತ್ತು? ಶಿವನಸಮುದ್ರದಲ್ಲಿ ನೀರು ಹಿಡಿದಿಡೋ ಜಲಾಶಯ ಇಲ್ಲ. ಟರ್ಬೈನ್ ನಿಂತಾಗ ಹರಿದ ನೀರು ಹರಿದೇ ಹೋಯ್ತು, ಅದರ ದುಡ್ಡೂ ಹೋಯ್ತು.

ಕೋಲಾರದ ಚಿನ್ನದ ಗಣಿ ಹಾಗಲ್ಲ. ಅದಿರು ಪುಡಿ ಮಾಡೋ ಯಂತ್ರ, ನೀರೆತ್ತೋ ಪಂಪು, ಗಾಳಿ ಕಳಿಸೋ ಯಂತ್ರ ಹಗಲೂ ರಾತ್ರಿ ಓಡಬೇಕು. ಆಗ ಅವೆಲ್ಲ ಉಗಿ ಎಂಜಿನ್‌ಗಳು, ಸೌದೆ ಕಲ್ಲಿದ್ದಲಿಗೆ ಸಿಕ್ಕಾಪಟ್ಟೆ ಖರ್ಚು. ಗಣಿಗಳನ್ನ ನಡೆಸ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಜೊತೆ ಮೈಸೂರು ಸರ್ಕಾರ ಮೊದಲು ಕರಾರು ಮಾಡಿಕೊಂಡು, ಆಮೇಲೆ ಸ್ಥಾವರ ಕಟ್ಟಿತು. ಮಧ್ಯರಾತ್ರಿ ಹರಿಯೋ ನೀರಿಗೂ ಗಿರಾಕಿ ಸಿಕ್ಕಿದ. ಲೋಡ್ ಕರ್ವ್ ಬರೆದರೆ ಹೆಚ್ಚುಕಮ್ಮಿ ಸ್ಕೇಲ್ ಇಟ್ಟು ಎಳೆದ ಗೆರೆ.

ಈ ಗೆರೆ ಎಷ್ಟು ಬೆಲೆ ಬಾಳುತ್ತೆ ಅಂತ ಗೊತ್ತಾಗಬೇಕಾದ್ರೆ ಇವತ್ತಿನ ಪೀಕ್ ಅವರ್ ನೋಡಬೇಕು. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟಿಂದು. ಸೂರ್ಯ ಮುಳುಗಿದ್ರೆ ಅದು ಸೊನ್ನೆ, ಅದೇ ಹೊತ್ತಿಗೆ ಮನೆಮನೆಯಲ್ಲಿ ಲೈಟು, ಟಿವಿ, ಗೀಸರ್ ಆನ್. ವೈರಲ್ಲಿ ಕರೆಂಟು ಕೂಡಿಡೋಕಾಗಲ್ಲ. ಲೋಡ್ ಏರಿದ ಕ್ಷಣವೇ ಉತ್ಪಾದನೆಯೂ ಏರದಿದ್ರೆ ಜನರೇಟರ್‌ಗಳು ನಿಧಾನ ಆಗಿ ಫ್ರೀಕ್ವೆನ್ಸಿ 50 ಹರ್ಟ್ಸ್‌ನಿಂದ ಕೆಳಗಿಳಿಯುತ್ತೆ. ರಾಯಚೂರಿನ ಥರದ ಕಲ್ಲಿದ್ದಲು ಸ್ಥಾವರ ತಣ್ಣಗಿದ್ರೆ ಬಾಯ್ಲರ್ ಕಾಯೋಕೇ ಗಂಟೆಗಟ್ಟಲೆ ಬೇಕು. ಅದಕ್ಕೇ ಪೀಕ್‌ಗೆ ಅಂತಲೇ ಕೆಲವು ದೇಶಗಳು ಗ್ಯಾಸ್ ಟರ್ಬೈನ್ ಜನರೇಟರ್ ಇಟ್ಟಿರ್ತಾವೆ. ಒಂದೇ ಶಾಫ್ಟ್ ಮೇಲೆ ಕಂಪ್ರೆಸರ್, ಟರ್ಬೈನ್, ನಡುವೆ ಇಂಧನ ಉರಿಯೋ ಕೋಣೆ. ಕಂಪ್ರೆಸರ್ ಗಾಳಿನ ಒತ್ತುತ್ತೆ, ಆ ಗಾಳಿಯಲ್ಲಿ ಗ್ಯಾಸ್ ಉರಿಯುತ್ತೆ, ಬಿಸಿ ಅನಿಲ ಟರ್ಬೈನ್ ತಿರುಗಿಸುತ್ತೆ. ಟರ್ಬೈನ್ ಕೊಡೋ ಶಕ್ತಿಯಲ್ಲಿ ಸುಮಾರು ಅರ್ಧ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಕಂಪ್ರೆಸರಿಗೇ ಹೋಗುತ್ತೆ, ಉಳಿದಿದ್ದು ಜನರೇಟರಿಗೆ. ಮೊದಲು ತಿರುಗಿಸೋಕೆ ಬೇರೆ ಮೋಟರ್ ಬೇಕು. ಕೆಲವು ದೊಡ್ಡ ಸೆಟ್‌ಗಳಲ್ಲಿ ಜನರೇಟರನ್ನೇ ಮೋಟರ್ ಥರ ಓಡಿಸ್ತಾರೆ. ನೀರು ಕಾಯಿಸೋ ಕೆಲಸ ಇಲ್ಲದ್ದರಿಂದ ಕೆಲವೇ ನಿಮಿಷದಲ್ಲಿ ಗ್ರಿಡ್‌ಗೆ ಸೇರುತ್ತೆ. ಆದರೆ ಇಂಧನ ದುಬಾರಿ, ದಿನದ ಬಹುಪಾಲು ಹೊತ್ತು ಯಂತ್ರ ಸುಮ್ಮನೆ ನಿಂತಿರುತ್ತೆ, ಹಾಕಿದ ಬಂಡವಾಳವನ್ನೆಲ್ಲ ಆ ಕೆಲವೇ ಗಂಟೆ ತೀರಿಸಬೇಕು. ಯಲಹಂಕದಲ್ಲಿ 2024ರಲ್ಲಿ ಉದ್ಘಾಟನೆಯಾದ 370 ಮೆಗಾವ್ಯಾಟಿನ ಸ್ಥಾವರದಲ್ಲೂ ಗ್ಯಾಸ್ ಟರ್ಬೈನೇ ಇರೋದು, ಜೊತೆಗೆ ಅದರ ಬಿಸಿ ಹೊಗೆಯಿಂದ ಉಗಿ ಮಾಡಿ ಇನ್ನೊಂದು ಟರ್ಬೈನ್ ಓಡಿಸ್ತಾರೆ. ಆದರೂ ನಮ್ಮ ರಾಜ್ಯ ಪೀಕ್‌ಗೆ ಹೆಚ್ಚು ನಂಬೋದು ಶರಾವತಿ, ವಾರಾಹಿ ಜಲಾಶಯಗಳನ್ನೇ.

ಶೇಷಾದ್ರಿ ಅಯ್ಯರ್ ಕೈಲಿ ಜಲಾಶಯವೂ ಇರಲಿಲ್ಲ, ಗ್ಯಾಸ್ ಟರ್ಬೈನೂ ಇರಲಿಲ್ಲ. ಪೀಕೇ ಇಲ್ಲದ ಗಿರಾಕಿ ಇದ್ದ. ಸಾಲದಲ್ಲಿರೋ ಸಂಸ್ಥಾನ ಇಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕೋಕೆ ಸಾಧ್ಯ ಆಗಿದ್ದೇ ಅದರಿಂದ.

147 ಕಿಲೋಮೀಟರ್

ಕೆಲಸದ ಎಂಜಿನಿಯರ್ ಕೆನಡಾ ಮೂಲದ ಮಿಲಿಟರಿ ಅಧಿಕಾರಿ ಜೋಲಿ ಡಿ ಲೊಟ್ಬಿನಿಯರ್. 1899ರಲ್ಲಿ ಸರ್ಕಾರ ಅವರನ್ನ ಯುರೋಪು, ಅಮೆರಿಕಕ್ಕೆ ಕಳಿಸಿತು. ನಯಾಗರದಿಂದ ಬಫಲೊ ಊರಿಗೆ ಕರೆಂಟು ಹೋಗಿ ಆಗಿನ್ನೂ ಮೂರೇ ವರ್ಷ, ದೂರ 40 ಕಿಲೋಮೀಟರಿನ ಒಳಗೆ. ಇಲ್ಲಿ ಶಿವನಸಮುದ್ರದಿಂದ ಗಣಿಗೆ 92 ಮೈಲಿ, ಅಂದರೆ ಸುಮಾರು 147 ಕಿಲೋಮೀಟರ್. ಆಗಿನ ಪ್ರಪಂಚದ ಅತಿ ಉದ್ದದ ಲೈನ್‌ಗಳಲ್ಲಿ ಒಂದು. ಅದಕ್ಕೆ ಆರಿಸಿದ್ದು 35,000 ವೋಲ್ಟ್. 4,000 ಕಿಲೋವ್ಯಾಟನ್ನ 2,200 ವೋಲ್ಟಲ್ಲಿ ಕಳಿಸಿದ್ರೆ ತ್ರೀ ಫೇಸ್ ಲೆಕ್ಕದಲ್ಲಿ 1,000 ಆಂಪಿಯರ್ ದಾಟುತ್ತೆ, 35,000 ವೋಲ್ಟಲ್ಲಿ ಸುಮಾರು 66. ಕರೆಂಟು 16 ಪಟ್ಟು ಕಮ್ಮಿ ಆದ್ರೆ ಅದೇ ತಂತಿಯಲ್ಲಿ ನಷ್ಟ 250 ಪಟ್ಟು ಕಮ್ಮಿ. ಸೆಕೆಂಡ್ ಇಯರಲ್ಲಿ ನಾವು ಬಿಡಿಸೋ ಪ್ರಾಬ್ಲಮ್ಮೇ ಇದು, ಆದರೆ ಇಲ್ಲಿ ತಪ್ಪಾದ್ರೆ ಹೋಗೋದು ಮಾರ್ಕ್ಸ್ ಅಲ್ಲ, ಬರದಿಂದ ಈಗಷ್ಟೇ ಎದ್ದ ಜನರ ಕಂದಾಯದ ದುಡ್ಡು.

ಜನರೇಟರ್ ಬಂದಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ, ನೀರಿನ ಟರ್ಬೈನ್ ಸ್ವಿಟ್ಜರ್ಲೆಂಡಿನ ಎಷರ್ ವೀಸ್‌ನಿಂದ. ಮದ್ದೂರಿನವರೆಗೆ ರೈಲು, ಅಲ್ಲಿಂದ ಮುಂದೆ 40 ಕಿಲೋಮೀಟರಿಗೂ ಹೆಚ್ಚು ದೂರ ಎತ್ತಿನ ಗಾಡಿ, ಆನೆ. ಮಲೇರಿಯಾ ಕಾಟದ ಕಾಡಲ್ಲಿ ಕೂಲಿ ಜನ ಕಾಲುವೆ ಅಗೆದರು, ಪೈಪು ಇಳಿಸಿದರು. ಅವರ ಹೆಸರು ಯಾವ ಪ್ರತಿಮೆ ಕೆಳಗೂ ಇಲ್ಲ.

ಅವರು ನೋಡದ ದಿನ

1894ರ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತಾದಲ್ಲಿ ತೀರಿಕೊಂಡಿದ್ದರು. ಅಲ್ಲಿಂದ ಮುಂದೆ ಮಹಾರಾಣಿ ವಾಣಿವಿಲಾಸ ಸನ್ನಿಧಾನ ರೀಜೆಂಟ್, ಆಡಳಿತದ ಹೊರೆ ಇನ್ನೂ ಹೆಚ್ಚು. ಟೀಕೆಗಳೂ ಇದ್ದವು. ದೊಡ್ಡ ಹುದ್ದೆಗಳಿಗೆ ಮದ್ರಾಸಿನವರನ್ನ ತುಂಬ್ತಾರೆ, ಮೈಸೂರಿನವರಿಗೆ ಜಾಗ ಇಲ್ಲ ಅನ್ನೋ ಸಿಟ್ಟು ಇಲ್ಲಿನ ಜನರಲ್ಲಿ ಬೆಳೀತಾ ಇತ್ತು. ಆ ಸಿಟ್ಟಿಗೆ ಕಾರಣ ಇರಲಿಲ್ಲ ಅಂತ ಹೇಳೋಕಾಗಲ್ಲ. ಆರೋಗ್ಯ ಕೆಟ್ಟು 1901ರ ಮಾರ್ಚ್‌ನಲ್ಲಿ ಅವರು ದಿವಾನಗಿರಿ ಬಿಟ್ಟರು. ಆರೇ ತಿಂಗಳಲ್ಲಿ, ಸೆಪ್ಟೆಂಬರ್ 13ರಂದು, 56ನೇ ವಯಸ್ಸಿಗೆ ತೀರಿಕೊಂಡರು.

ಶಿವನಸಮುದ್ರದ ಕರೆಂಟು ಕೋಲಾರ ಮುಟ್ಟಿದ್ದು 1902ರ ಜೂನ್ 30ಕ್ಕೆ. ಒಂಬತ್ತು ತಿಂಗಳ ಅಂತರದಲ್ಲಿ ಅವರಿಗೆ ಅದು ತಪ್ಪಿಹೋಯ್ತು.

ಆಮೇಲೆ ಆಗಿದ್ದು ಅವರ ಲೆಕ್ಕ ಸರಿ ಅಂತ ತೋರಿಸಿತು. ಗಣಿಗಳು ಇನ್ನೂ ಬೇಕು ಅಂದವು, ಯಂತ್ರಗಳು ಹೆಚ್ಚಾದವು. ಗಣಿಯ ಹಣದಿಂದ ಗಟ್ಟಿಯಾದ ವ್ಯವಸ್ಥೆ ಮೇಲೆ 1905ರಲ್ಲಿ ಬೆಂಗಳೂರಿನ ಬೀದಿ ದೀಪ, 1908ರಲ್ಲಿ ಮೈಸೂರಿನ ದೀಪ ಬಂತು. ಬೇಸಿಗೆಯಲ್ಲಿ ಹೊಳೆ ಬತ್ತೋ ತೊಂದರೆ ಮಾತ್ರ ಉಳಿದೇ ಇತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರು ಮಾಡೋಕೆ ನೀರಾವರಿ ಜೊತೆಗೆ ಈ ಕರೆಂಟಿನ ಹಸಿವೂ ಕಾರಣ. ಅಂದ್ರೆ ವಿಶ್ವೇಶ್ವರಯ್ಯನವರ ಕಟ್ಟೆಗೆ ಶೇಷಾದ್ರಿ ಅಯ್ಯರ್ ಅವರ ಸ್ಥಾವರ ಒಂದು ಕಾರಣ ಕೊಟ್ಟಿತ್ತು. ಶಿವನಸಮುದ್ರ ಈಗ 42 ಮೆಗಾವ್ಯಾಟಿನ ಸ್ಥಾವರ.

ಒಂದು ಮಾತು ಮುಚ್ಚಿಡಬಾರದು. ಕಪಿಲೆ, ಕಾವೇರಿ ದಡದ ಹಳ್ಳಿಗಳ ಎದುರಿಂದ ಹರಿದ ನೀರು ಮೊದಲು ಬೆಳಗಿದ್ದು ಬ್ರಿಟಿಷ್ ಕಂಪನಿಯ ಗಣಿಯನ್ನ. ಆ ಹಳ್ಳಿಗಳಿಗೆ ಲೈಟು ಕಂಬ ಬರೋಕೆ ಎಷ್ಟೋ ದಶಕ ಹಿಡೀತು, ಅಲ್ಲಿತನಕ ಸೀಮೆಎಣ್ಣೆ ಬುಡ್ಡಿಯೇ ಗತಿ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಗಿರಾಕಿ ಹೋದ, ಶಿವನಸಮುದ್ರದ ಟರ್ಬೈನ್ ಇನ್ನೂ ತಿರುಗ್ತಾ ಇದೆ. ಈಗ ಅದರ ಕರೆಂಟು ಗ್ರಿಡ್‌ನಲ್ಲಿ ಸೇರಿ ಎಲ್ಲರ ಮನೆಗೂ ಬರುತ್ತೆ.

ನಾವು ಮುಂದೆ ಸೋಲಾರ್ ಹಾಕ್ತೀವೋ, ಬ್ಯಾಟರಿ ಹಾಕ್ತೀವೋ, ಗ್ಯಾಸ್ ಟರ್ಬೈನ್ ಹತ್ತಿರ ಕೆಲಸ ಮಾಡ್ತೀವೋ ನೋಡೋಣ. ಎಷ್ಟು ಮೆಗಾವ್ಯಾಟ್ ಅಂತ ಕೇಳೋ ಮೊದಲು, ಯಾವ ಹೊತ್ತಿಗೆ, ಯಾರಿಗೆ ಅಂತ ಕೇಳೋದನ್ನ ಈ ಲಾಯರ್ ದಿವಾನರಿಂದ ಕಲಿತರೆ ಸಾಕು.