ಮುಚ್ಚಿದ ಬಾಗಿಲುಗಳ ಮುಂದೆ: ಎಲಿಜಬೆತ್ ಬ್ಲ್ಯಾಕ್‌ವೆಲ್

ಯೋಗ್ಯತೆಯಿದ್ದೂ ವಿದ್ಯಾಲಯದ ಹೊಸ್ತಿಲಲ್ಲಿಯೇ ತಡೆಯಲ್ಪಟ್ಟವರ ಸಂಕಟ ಅದನ್ನು ಅನುಭವಿಸಿದವರಿಗೇ ಗೊತ್ತು. ವರ್ಷಗಟ್ಟಲೆ ಮನಸ್ಸಿನಲ್ಲಿ ಸಾಕಿಕೊಂಡು ಬಂದ ಬಯಕೆಯೊಂದು ನಾಲ್ಕು ಸಾಲಿನ ಕಾಗದದಿಂದ ಮುರಿದು ಬೀಳುತ್ತದೆ. ಪ್ರತಿವರ್ಷವೂ ಪ್ರವೇಶದ ಪಟ್ಟಿಗಳು ಪ್ರಕಟವಾದ ದಿನ ಎಷ್ಟೋ ಮನೆಗಳಲ್ಲಿ ಮೌನ ಕವಿಯುವುದು ಇದರಿಂದಲೇ. ಆ ಹೊತ್ತಿನಲ್ಲಿ ಧೈರ್ಯ ತಾಳಬೇಕೆಂದು ಹೇಳುವುದು ಸುಲಭ. ಧೈರ್ಯ ತಾಳುವುದೆಂದರೆ ದಿನದಿನವೂ ಏನು ಮಾಡುವುದು ಎಂಬುದನ್ನು ತೋರಿಸಿಕೊಡುವುದು ಕಷ್ಟ. ಅದನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟವರಲ್ಲಿ ಎಲಿಜಬೆತ್ ಬ್ಲ್ಯಾಕ್‌ವೆಲ್ ಒಬ್ಬಳು. ಅಮೆರಿಕದಲ್ಲಿ ವೈದ್ಯಪದವಿ ಪಡೆದ ಮೊದಲನೆಯ ಮಹಿಳೆಯೆಂದು ಆಕೆಯ ಹೆಸರು ಚರಿತ್ರೆಯಲ್ಲಿ ನಿಂತಿದೆ. ಆದರೆ ಆ ಪದವಿಯ ಹಿಂದಿನ ಮತ್ತು ಮುಂದಿನ ವರ್ಷಗಳು ಪದವಿಗಿಂತಲೂ ಹೆಚ್ಚು ಬೋಧಪ್ರದವಾದವು.

ಎಲಿಜಬೆತ್ 1821ರ ಫೆಬ್ರವರಿ 3ರಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹುಟ್ಟಿದಳು. ತಂದೆ ಸ್ಯಾಮ್ಯುಯೆಲ್ ಬ್ಲ್ಯಾಕ್‌ವೆಲ್ ಸಕ್ಕರೆ ಶುದ್ಧಿಮಾಡುವ ಉದ್ಯಮದವನು. ಗುಲಾಮಗಿರಿಯನ್ನು ಕಂಡರಾಗದ ಉದಾರಿ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ವಿದ್ಯೆ ದೊರೆಯಬೇಕೆಂದು ನಂಬಿದ್ದವನು. 1832ರಲ್ಲಿ ಸಂಸಾರ ಸಮೇತನಾಗಿ ಅಮೆರಿಕಕ್ಕೆ ವಲಸೆ ಹೋದನು. ಅಲ್ಲಿ ವ್ಯಾಪಾರ ಕೈಹಿಡಿಯಲಿಲ್ಲ. 1838ರಲ್ಲಿ ಕುಟುಂಬ ಸಿನ್ಸಿನಾಟಿ ಪಟ್ಟಣಕ್ಕೆ ಬಂದು ಕೆಲವೇ ತಿಂಗಳಾಗಿರುವಾಗ ತಂದೆ ತೀರಿಕೊಂಡನು. ಮನೆಯಲ್ಲಿ ಹಣವಿರಲಿಲ್ಲ, ಮಕ್ಕಳ ಸಂಖ್ಯೆ ಮಾತ್ರ ದೊಡ್ಡದು. ಹಿರಿಯ ಹೆಣ್ಣುಮಕ್ಕಳು ಸೇರಿ ಒಂದು ಖಾಸಗಿ ಶಾಲೆಯನ್ನು ತೆರೆದು ಸಂಸಾರವನ್ನು ಸಾಗಿಸಿದರು. ಹದಿನೇಳು ವರ್ಷದ ಎಲಿಜಬೆತ್ ಹೀಗೆ ಉಪಾಧ್ಯಾಯಿನಿಯಾದಳು.

ವೈದ್ಯವಿದ್ಯೆಯ ಹಂಬಲ ಆಕೆಗೆ ಮೊದಲಿನಿಂದಲೂ ಇದ್ದದ್ದಲ್ಲ. ಶರೀರ, ರೋಗ ಎಂಬ ಮಾತುಗಳೇ ಆಕೆಗೆ ಜುಗುಪ್ಸೆ ತರುತ್ತಿದ್ದವು. ಆದರೆ ನೋವಿನ ವ್ಯಾಧಿಯಿಂದ ಸಾಯುತ್ತಿದ್ದ ಗೆಳತಿಯೊಬ್ಬಳು, ತನಗೆ ಚಿಕಿತ್ಸೆ ಮಾಡುವವಳು ಹೆಂಗಸಾಗಿದ್ದರೆ ತನ್ನ ಯಾತನೆಯ ಬಹುಪಾಲು ಕಡಿಮೆಯಾಗುತ್ತಿತ್ತೆಂದು ಹೇಳಿ, ಆ ವಿದ್ಯೆಯನ್ನು ನೀನೇ ಏಕೆ ಕಲಿಯಬಾರದೆಂದು ಕೇಳಿದಳು. ಎಲಿಜಬೆತ್ ಆ ಮಾತನ್ನು ಮನಸ್ಸಿನಿಂದ ತಳ್ಳಿಹಾಕಲು ಯತ್ನಿಸಿದಳು, ಸಾಧ್ಯವಾಗಲಿಲ್ಲ. ಪರಿಚಿತರಾದ ವೈದ್ಯರಿಗೆ ಬರೆದು ಕೇಳಿದಳು. ಯೋಚನೆ ಒಳ್ಳೆಯದೇ, ಆದರೆ ಹೆಂಗಸಿಗೆ ಅಂಥ ಶಿಕ್ಷಣ ದೊರೆಯುವ ಮಾರ್ಗವೇ ಇಲ್ಲವೆಂದು ಉತ್ತರ ಬಂದಿತು. ಒಳ್ಳೆಯದಾದರೆ ಮಾರ್ಗವಿರಲೇಬೇಕೆಂದು ಆಕೆ ತರ್ಕಿಸಿದಳು.

ವೈದ್ಯಶಿಕ್ಷಣಕ್ಕೆ ಸುಮಾರು 3,000 ಡಾಲರು ಬೇಕೆಂದು ತಿಳಿಯಿತು. ಅದನ್ನು ಕೂಡಿಡುವುದಕ್ಕಾಗಿ ಆಕೆ 1845ರಲ್ಲಿ ದಕ್ಷಿಣದ ಉತ್ತರ ಕೆರೋಲಿನಾ ಪ್ರಾಂತದ ಆಶ್‌ವಿಲ್ಲಿಗೆ ಹೋಗಿ ಪಾಠ ಹೇಳತೊಡಗಿದಳು. ಆ ಶಾಲೆಯ ಯಜಮಾನನಾದ ಜಾನ್ ಡಿಕ್ಸನ್ ಹಿಂದೆ ವೈದ್ಯನಾಗಿದ್ದವನು. ಅವನ ಪುಸ್ತಕಗಳು ಆಕೆಗೆ ಮೊದಲ ಗುರುಗಳಾದವು. ಮುಂದಿನ ವರ್ಷ ಚಾರ್ಲ್ಸ್‌ಟನ್ ನಗರದಲ್ಲಿ ಸಂಗೀತ ಕಲಿಸುತ್ತ, ಅವನ ಸಹೋದರನೂ ಪ್ರಸಿದ್ಧ ವೈದ್ಯನೂ ಆದ ಸ್ಯಾಮ್ಯುಯೆಲ್ ಹೆನ್ರಿ ಡಿಕ್ಸನ್ನನ ಗ್ರಂಥಭಂಡಾರದಲ್ಲಿ ಓದನ್ನು ಮುಂದುವರಿಸಿದಳು. ಯಾವ ಕಾಲೇಜೂ ತನ್ನನ್ನು ಇನ್ನೂ ಕರೆದಿರಲಿಲ್ಲ; ಆದರೂ ಹಗಲಿನ ದುಡಿಮೆ, ರಾತ್ರಿಯ ಅಭ್ಯಾಸಗಳು ನಿಲ್ಲಲಿಲ್ಲ.

1847ರಲ್ಲಿ ಆಕೆ ಫಿಲಡೆಲ್ಫಿಯಕ್ಕೆ ಬಂದಳು. ಆ ಕಾಲದ ಅಮೆರಿಕದಲ್ಲಿ ವೈದ್ಯವಿದ್ಯೆಯ ರಾಜಧಾನಿಯೆಂದರೆ ಆ ನಗರವೇ. ಅಲ್ಲಿನ ಕಾಲೇಜುಗಳೆಲ್ಲ ಆಕೆಯನ್ನು ನಿರಾಕರಿಸಿದವು. ನ್ಯೂಯಾರ್ಕಿನ ಕಾಲೇಜುಗಳೂ ನಿರಾಕರಿಸಿದವು. ಕೆಲವರು ನಕ್ಕರು, ಕೆಲವರು, ಹೆಂಗಸರು ವೈದ್ಯರಾದರೆ ತಮ್ಮ ಸಂಪಾದನೆಗೆ ಸಂಚಕಾರವೆಂದು ಶಂಕಿಸಿದರು. ಹಿತೈಷಿಗಳಾದವರು, ಪ್ಯಾರಿಸಿಗೆ ಹೋಗಿ ಗಂಡಸಿನ ವೇಷ ಧರಿಸಿ ಕಲಿಯುವುದೇ ಉಳಿದಿರುವ ಉಪಾಯವೆಂದು ಬುದ್ಧಿ ಹೇಳಿದರು. ಎಲಿಜಬೆತ್ ಅದಕ್ಕೆ ಒಪ್ಪಲಿಲ್ಲ. ತನ್ನೊಬ್ಬಳಿಗೆ ಮಾತ್ರ ವಿದ್ಯೆ ಸಾಕಾಗಿದ್ದರೆ ವೇಷದಿಂದಲೂ ಅದನ್ನು ಪಡೆಯಬಹುದಿತ್ತು. ತನ್ನ ಹಿಂದೆ ಬರುವವರಿಗೆ ಅದರಿಂದ ಏನು ಫಲ? ಹಗಲು ಬೆಳಕಿನಲ್ಲಿ, ಹೆಂಗಸೆಂಬ ಹೆಸರಿನಲ್ಲಿಯೇ ಒಳಗೆ ಹೋಗಬೇಕೆಂಬುದು ಆಕೆಯ ಹಟವಾಗಿತ್ತು.

ದೊಡ್ಡ ಕಾಲೇಜುಗಳ ಆಸೆ ಬಿಟ್ಟು, ಉತ್ತರದ ಪ್ರಾಂತಗಳ ಚಿಕ್ಕ ಊರುಗಳಲ್ಲಿದ್ದ 12 ಕಾಲೇಜುಗಳನ್ನು ಆರಿಸಿ ಅರ್ಜಿಗಳನ್ನು ಕಳಿಸಿದಳು. ಉತ್ತರಗಳಿಗಾಗಿ ಕೈಕಟ್ಟಿ ಕುಳಿತಿರದೆ, ಡಾಕ್ಟರ್ ಅಲೆನ್ ಎಂಬುವರ ಬಳಿ ಖಾಸಗಿಯಾಗಿ ಅಂಗರಚನಾಶಾಸ್ತ್ರದ ಪಾಠ ಹೇಳಿಸಿಕೊಂಡಳು. ಒಂದೊಂದಾಗಿ ನಿರಾಕರಣೆಯ ಕಾಗದಗಳು ಬರುತ್ತಿದ್ದಾಗ ಆಕೆ ಮಣಿಕಟ್ಟಿನ ಎಲುಬುಗಳನ್ನೂ ಸ್ನಾಯುಗಳನ್ನೂ ಅಭ್ಯಾಸಮಾಡುತ್ತಿದ್ದಳು. ಆಕೆಯ ಆಶಾವಾದದ ನಿಜವಾದ ರೂಪ ಇಲ್ಲಿದೆ. ಯಾರಾದರೂ ಒಪ್ಪಿಯೇ ಒಪ್ಪುವರೆಂಬ ಭರವಸೆ ಆಕೆಗೆ ಎಲ್ಲಿಂದಲೂ ದೊರೆತಿರಲಿಲ್ಲ. ಒಪ್ಪಿದ ದಿನ ತಾನು ಸಿದ್ಧಳಾಗಿರಬೇಕೆಂಬುದಷ್ಟೇ ಆಕೆಯ ವಶದಲ್ಲಿತ್ತು. ಅದನ್ನು ಆಕೆ ಕೈಬಿಡಲಿಲ್ಲ.

ಕೊನೆಗೆ 1847ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಪ್ರಾಂತದ ಜಿನೀವ ಎಂಬ ಸಣ್ಣ ಊರಿನ ವೈದ್ಯಕಾಲೇಜಿನಿಂದ ಪ್ರವೇಶಪತ್ರ ಬಂದಿತು. ಅದು ಬಂದ ಬಗೆ ವಿಚಿತ್ರವಾದದ್ದು. ಅಲ್ಲಿನ ಅಧ್ಯಾಪಕರು ಬೇಡವೆನ್ನುವ ಹೊಣೆಯನ್ನು ತಾವು ಹೊರಲಾರದೆ, ಸುಮಾರು 150 ಮಂದಿ ವಿದ್ಯಾರ್ಥಿಗಳ ಮುಂದೆ ವಿಷಯವನ್ನಿಟ್ಟರು. ಒಬ್ಬನು ವಿರೋಧಿಸಿದರೂ ಅರ್ಜಿ ಬಿದ್ದುಹೋಗುವುದೆಂದು ತಿಳಿಸಿದರು. ವಿದ್ಯಾರ್ಥಿಗಳು ಇದೆಲ್ಲ ಯಾರೋ ಹೂಡಿದ ಕುಚೇಷ್ಟೆಯೆಂದು ಭಾವಿಸಿ, ಗದ್ದಲದ ನಡುವೆ ಒಮ್ಮತದಿಂದ ಹೂಂಗುಟ್ಟಿದರು. ಹೀಗೆ ಹಲವು ವರ್ಷಗಳ ತಪಸ್ಸಿಗೆ ಫಲ ದೊರೆತದ್ದು ಹುಡುಗಾಟದ ಕೈಯಿಂದ. ಆದರೆ ನವೆಂಬರಿನಲ್ಲಿ ಆ ಅರ್ಜಿದಾರಳೇ ತರಗತಿಯೊಳಗೆ ಬಂದು ಕುಳಿತಾಗ ಗದ್ದಲವೆಲ್ಲ ತಾನಾಗಿ ಅಡಗಿತು. ಹುಡುಗಾಟದಿಂದ ತೆರೆದ ಬಾಗಿಲಿನಲ್ಲಿ ಹೊಕ್ಕವಳ ಸಿದ್ಧತೆ ಹುಡುಗಾಟದ್ದಾಗಿರಲಿಲ್ಲ.

ಊರಿನ ಹೆಂಗಸರು ಆಕೆಯನ್ನು ಬೀದಿಯಲ್ಲಿ ನಿಂತು ದಿಟ್ಟಿಸುತ್ತಿದ್ದರು. ಕೆಟ್ಟವಳೋ ಹುಚ್ಚಳೋ ಇರಬೇಕೆಂದು ಬಗೆದು ಮಾತನಾಡಿಸುತ್ತಿರಲಿಲ್ಲ. ಜನನೇಂದ್ರಿಯಗಳ ಪಾಠದ ದಿನ ಆಕೆ ಹೊರಗಿರುವುದು ಒಳ್ಳೆಯದೆಂದು ಅಂಗರಚನೆಯ ಅಧ್ಯಾಪಕ ಸೂಚಿಸಿದಾಗ, ಆಕೆ ವಿನಯದಿಂದಲೇ ಕಾಗದ ಬರೆದು ತನ್ನ ಹಕ್ಕನ್ನು ಉಳಿಸಿಕೊಂಡಳು. ರಜೆಯಲ್ಲಿ ಫಿಲಡೆಲ್ಫಿಯದ ಬ್ಲಾಕ್ಲಿ ಅನಾಥಾಲಯದ ಆಸ್ಪತ್ರೆಯಲ್ಲಿ ದುಡಿದು, ಕ್ಷಾಮಪೀಡಿತ ಐರ್ಲೆಂಡಿನಿಂದ ಬಂದವರಲ್ಲಿ ಹರಡಿದ್ದ ಟೈಫಸ್ ಜ್ವರವನ್ನು ಕಣ್ಣಾರೆ ಕಂಡು, ಅದರ ಮೇಲೆಯೇ ಪ್ರಬಂಧ ಬರೆದಳು. 1849ರ ಜನವರಿ 23ರಂದು ತನ್ನ ತರಗತಿಯಲ್ಲಿ ಪ್ರಥಮಳಾಗಿ ವೈದ್ಯಪದವಿಯನ್ನು ಪಡೆದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತವಾಗುತ್ತಿತ್ತು. ಪದವಿಯ ನಂತರವೂ ನಿರಾಕರಣೆಗಳು ಆಕೆಯ ಬೆನ್ನು ಬಿಡಲಿಲ್ಲ. ಹೆಚ್ಚಿನ ಅಭ್ಯಾಸಕ್ಕೆಂದು ಪ್ಯಾರಿಸಿಗೆ ಹೋದಾಗ, ಪದವೀಧರ ವೈದ್ಯೆಯಾಗಿದ್ದೂ, ಅಲ್ಲಿನ ಪ್ರಸೂತಿಗೃಹದಲ್ಲಿ ಸೂಲಗಿತ್ತಿಯರೊಡನೆ ಶಿಷ್ಯಳಾಗಿ ಇರಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ಶಿಶುವೊಂದರ ಸೋಂಕುತಗುಲಿದ ಕಣ್ಣನ್ನು ತೊಳೆಯುವಾಗ ನೀರು ಸಿಡಿದು ಆಕೆಯ ಕಣ್ಣಿಗೂ ರೋಗ ತಾಗಿತು. ಎಡಗಣ್ಣು ಹೋಯಿತು, ಶಸ್ತ್ರವೈದ್ಯೆಯಾಗಬೇಕೆಂಬ ಆಸೆಯೂ ಅದರೊಂದಿಗೆ ಹೋಯಿತು. ಲಂಡನಿನ ಸೇಂಟ್ ಬಾರ್ಥಲೋಮ್ಯು ಆಸ್ಪತ್ರೆ ಅನಂತರ ಆಕೆಯನ್ನು ಬರಮಾಡಿಕೊಂಡಿತು. ಎಲ್ಲ ವಿಭಾಗಗಳೂ ತೆರೆದಿದ್ದ ಆ ಆಸ್ಪತ್ರೆಯಲ್ಲಿ ಮುಚ್ಚಿದ್ದ ವಿಭಾಗವೆಂದರೆ ಸ್ತ್ರೀರೋಗಗಳದ್ದು! ಶಸ್ತ್ರಚಿಕಿತ್ಸೆಯ ಹಾದಿ ಮುಚ್ಚಿದಾಗ ಆಕೆ ಔಷಧ ಚಿಕಿತ್ಸೆ, ಆರೋಗ್ಯರಕ್ಷಣೆಗಳ ಕಡೆಗೆ ತಿರುಗಿದಳು.

1851ರಲ್ಲಿ ನ್ಯೂಯಾರ್ಕಿಗೆ ಮರಳಿದಾಗ ರೋಗಿಗಳು ಬರಲಿಲ್ಲ. ವೈದ್ಯೆಯ ಹೆಸರಿನ ಫಲಕವಿಡಲು ಮನೆ ಬಾಡಿಗೆಗೆ ಕೊಡುವವರೂ ವಿರಳ. ಅಷ್ಟರಲ್ಲಿ ತಂಗಿ ಎಮಿಲಿಯೂ ವೈದ್ಯವಿದ್ಯೆಗೆ ಹೊರಟಿದ್ದಳು. ಅಕ್ಕನಿಗೆ ಪದವಿ ಕೊಟ್ಟ ಜಿನೀವ ಕಾಲೇಜೇ ತಂಗಿಯನ್ನು ನಿರಾಕರಿಸಿತು. ಷಿಕಾಗೊ ನಗರದ ಕಾಲೇಜೊಂದು ಸೇರಿಸಿಕೊಂಡು, ಒಂದು ಅವಧಿಯ ನಂತರ ಮುಂದುವರಿಯಲು ಬಿಡಲಿಲ್ಲ. ಕಡೆಗೆ 1854ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಎಮಿಲಿಗೆ ಪದವಿ ದೊರೆಯಿತು. ತಾನು ಒಳಹೊಕ್ಕ ಮಾತ್ರಕ್ಕೆ ಬಾಗಿಲು ಇತರರಿಗೂ ತೆರೆದಿರುವುದಿಲ್ಲವೆಂಬ ಕಹಿಸತ್ಯ ಎಲಿಜಬೆತ್ತಳಿಗೆ ಮನೆಯಲ್ಲಿಯೇ ತಿಳಿಯಿತು. ಇನ್ನು ಬಾಗಿಲು ತಟ್ಟುತ್ತಿರುವುದಷ್ಟೇ ಸಾಲದು, ಬಾಗಿಲುಳ್ಳ ಮನೆಯನ್ನು ತಾನೇ ಕಟ್ಟಬೇಕೆಂದು ಆಕೆ ನಿಶ್ಚಯಿಸಿದಳು.

1857ರ ಮೇ 12ರಂದು ಅಕ್ಕತಂಗಿಯರು ಮತ್ತು ಮೇರಿ ಜಕ್ಷೆವ್‌ಸ್ಕಾ ಎಂಬ ವೈದ್ಯೆ ಸೇರಿ ನ್ಯೂಯಾರ್ಕಿನಲ್ಲಿ ಬಡ ಹೆಂಗಸರಿಗೂ ಮಕ್ಕಳಿಗೂ ಒಂದು ಆಸ್ಪತ್ರೆಯನ್ನು ತೆರೆದರು. ವೈದ್ಯರೆಲ್ಲರೂ ಹೆಂಗಸರೇ. ಬೇರೆಲ್ಲಿಯೂ ಪ್ರವೇಶ ಸಿಗದ ಯುವ ವೈದ್ಯೆಯರಿಗೆ ಅದು ಅನುಭವ ಪಡೆಯುವ ಸ್ಥಾನವಾಯಿತು. 1868ರಲ್ಲಿ ಅದಕ್ಕೆ ಸೇರಿದಂತೆ ಮಹಿಳೆಯರ ವೈದ್ಯಕಾಲೇಜೂ ಆರಂಭವಾಯಿತು. ಮರುವರ್ಷ ಅದರ ಭಾರವನ್ನು ಎಮಿಲಿಗೆ ಒಪ್ಪಿಸಿ ಎಲಿಜಬೆತ್ ಇಂಗ್ಲೆಂಡಿಗೆ ಹೊರಟಳು. 1874ರಲ್ಲಿ ಸೋಫಿಯ ಜೆಕ್ಸ್-ಬ್ಲೇಕ್ ಮೊದಲಾದವರು ಸ್ಥಾಪಿಸಿದ ಲಂಡನಿನ ಮಹಿಳಾ ವೈದ್ಯಶಾಲೆಗೂ ಆಕೆ ಹೆಗಲು ಕೊಟ್ಟು, ಅಲ್ಲಿ ಪ್ರಾಧ್ಯಾಪಿಕೆಯಾದಳು. ಒಮ್ಮೆ ತನಗೆ ಮುಚ್ಚಿದ್ದ ಸ್ತ್ರೀರೋಗಶಾಸ್ತ್ರವೇ ಆಕೆಯ ಬೋಧನೆಯ ವಿಷಯ. ನಮ್ಮ ದೇಶದ ರುಖಮಾಬಾಯಿ ಮುಂದೆ ವೈದ್ಯವಿದ್ಯೆ ಕಲಿತದ್ದು ಈ ಶಾಲೆಯಲ್ಲಿ. ಅಲ್ಲಿಂದ ಮರಳಿ ಬಂದು ಆಕೆ ಸೂರತ್, ರಾಜಕೋಟೆಗಳಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದಳು.

1899ರಲ್ಲಿ ನ್ಯೂಯಾರ್ಕಿನ ಕಾಲೇಜು ಮುಚ್ಚಿತು. ಕಾರಣ ಸೋಲಲ್ಲ, ಕಾರ್ನೆಲ್ ವಿಶ್ವವಿದ್ಯಾಲಯ ತನ್ನ ವೈದ್ಯಶಾಲೆಗೆ ಮಹಿಳೆಯರನ್ನು ಸೇರಿಸಿಕೊಂಡಿತಾಗಿ, ಪ್ರತ್ಯೇಕ ಕಾಲೇಜಿನ ಅಗತ್ಯ ತೀರಿತ್ತು. ವಿದ್ಯಾರ್ಥಿನಿಯರು ಅಲ್ಲಿಗೆ ವರ್ಗವಾದರು. ಆ ಸುದ್ದಿಯ ಕಾಲಕ್ಕೆ ಎಲಿಜಬೆತ್ ಸಮುದ್ರತೀರದ ಹೇಸ್ಟಿಂಗ್ಸ್ ಪಟ್ಟಣದಲ್ಲಿ, ತಾನು ಸಾಕಿಕೊಂಡ ಅನಾಥ ಹುಡುಗಿ ಕಿಟ್ಟಿಯ ಆರೈಕೆಯಲ್ಲಿ ಮುಪ್ಪನ್ನು ಕಳೆಯುತ್ತಿದ್ದಳು. 1910ರ ಮೇ 31ರಂದು ಅಲ್ಲಿಯೇ ತೀರಿಕೊಂಡಳು. ಆಕೆಯ ಇಚ್ಛೆಯಂತೆ ಸ್ಕಾಟ್ಲೆಂಡಿನ ಕಿಲ್‌ಮನ್ ಗ್ರಾಮದಲ್ಲಿ ಸಮಾಧಿಮಾಡಿದರು.

ಆಕೆಯನ್ನು ನಿರಾಕರಿಸಿದ ಕಾಲೇಜುಗಳು ಯಾವುವೆಂದು ಇಂದು ಯಾರೂ ಎಣಿಸುವುದಿಲ್ಲ. ನಿರಾಕರಣೆಯ ಕಾಗದ ಕೈಯಲ್ಲಿ ಹಿಡಿದು ಕುಳಿತ ತರುಣ ತರುಣಿಯರಿಗೆ ಆಕೆಯ ಬಾಳು ಸುಲಭವಾದ ಸಮಾಧಾನವನ್ನು ಕೊಡಲಾರದು. ಬೇಡವೆಂದವರೆಲ್ಲ ಒಂದು ದಿನ ಬೇಕೆನ್ನುವರೆಂದು ಅದು ಮಾತು ಕೊಡುವುದಿಲ್ಲ. ಕಾಗದವನ್ನು ಮಡಿಸಿಟ್ಟು, ನಿನ್ನೆ ಬಿಟ್ಟಲ್ಲಿಂದ ಇಂದಿನ ಪಾಠವನ್ನು ಆರಂಭಿಸಬಹುದೆಂಬುದನ್ನು ಮಾತ್ರ ತೋರಿಸುತ್ತದೆ. ಫಿಲಡೆಲ್ಫಿಯದ ಆ ಬೇಸಗೆಯಲ್ಲಿ ಆಕೆ ಮಾಡಿದ್ದೂ ಅಷ್ಟೇ.